ಬಂದು ಹೋಗುವ ಎಬಿಎಸ್ ಲೈಟು: ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ಮಳೆಗಾಲದಲ್ಲಿ ನಮ್ಮ ಹಳೇ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್‌ನ (ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆಯ) ಹಳದಿ ಲೈಟು ಕಣ್ಣಾಮುಚ್ಚಾಲೆ ಶುರು ಮಾಡಿತು. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೊರಟರೆ ಮಂಡಗದ್ದೆ ಹತ್ತಿರ ಬರುತ್ತಿತ್ತು, ಸಕ್ರೆಬೈಲು ದಾಟುವಷ್ಟರಲ್ಲಿ ಹೋಗಿರುತ್ತಿತ್ತು. ಗ್ಯಾರೇಜಿನ ಗೇಟು ಕಂಡರೆ ಸಾಕು, ಏನೂ ಅರಿಯದ ಮಗುವಿನ ಹಾಗೆ ಸುಮ್ಮನಾಗಿಬಿಡುತ್ತಿತ್ತು. ಒಂದು ಕಡೆ ‘ಮಾಡ್ಯೂಲ್ ಹೋಗಿದೆ, ಪೂರ್ತಿ ಬದಲಾಯಿಸಬೇಕು’ ಎಂದರು. ಮಾಡ್ಯೂಲ್ ಎಂದರೆ ಎಬಿಎಸ್ ನಡೆಸುವ ಪುಟ್ಟ ಕಂಪ್ಯೂಟರ್ ಮತ್ತು ಪಂಪಿನ ಪೆಟ್ಟಿಗೆ. ಕೊನೆಗೆ ಸಿಕ್ಕಿದ್ದು ಒಂದು ಗೇಣುದ್ದದ ವೈರಿನೊಳಗೆ ತುಂಡಾಗಿದ್ದ ತಾಮ್ರದ ಎಳೆ.

ಆ ಕತೆ ನೆಂಟರಲ್ಲೆಲ್ಲ ಹಬ್ಬಿತು. ಈಗ ಯಾರ ಗಾಡಿಯಲ್ಲಿ ಆ ಲೈಟು ಉರಿದರೂ ಫೋನು ನನಗೇ. ನಾನು ಮೆಕ್ಯಾನಿಕ್ ಅಲ್ಲ. ಸ್ವಂತ ಗಾಡಿಯ ಜೊತೆ ಎರಡು ತಿಂಗಳು ಗುದ್ದಾಡಿ, ಗೊತ್ತಿರುವವರನ್ನು ಪೀಡಿಸಿ ಕಲಿತವನು. ಅವರೆಲ್ಲ ಕೇಳಿದ್ದನ್ನೂ ನಾನು ಹೇಳಿದ್ದನ್ನೂ ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಲೈಟು ಉರಿಯುತ್ತಿದ್ದರೆ ಬ್ರೇಕೇ ಹಿಡಿಯುವುದಿಲ್ಲವಾ? ಗಾಡಿ ಓಡಿಸಬಹುದಾ?

ಹಳದಿ ಎಬಿಎಸ್ ಲೈಟು ಒಂದೇ ಉರಿಯುತ್ತಿದ್ದರೆ ಮಾಮೂಲಿ ಬ್ರೇಕು ಮಾಮೂಲಿಯಾಗೇ ಹಿಡಿಯುತ್ತದೆ. ನಿಂತಿರುವುದು ಚಕ್ರ ಲಾಕ್ ಆಗದಂತೆ ನೋಡಿಕೊಳ್ಳುವ ಕೆಲಸ ಮಾತ್ರ. ಅಂದರೆ ಆ ಹೊತ್ತಿಗೆ ನಿಮ್ಮದು ಎಬಿಎಸ್ ಇಲ್ಲದ ಹಳೇ ಕಾಲದ ಗಾಡಿ. ಒದ್ದೆ ರಸ್ತೆಯಲ್ಲಿ ಗಾಬರಿಯಿಂದ ಬ್ರೇಕ್ ಒತ್ತಿದರೆ ಚಕ್ರ ನಿಲ್ಲುತ್ತದೆ, ಗಾಡಿ ಜಾರುತ್ತಲೇ ಹೋಗುತ್ತದೆ. ಸ್ಟೀರಿಂಗ್ ತಿರುಗಿಸಿದರೂ ಮಾತು ಕೇಳುವುದಿಲ್ಲ. ಮುಂದಿನ ಗಾಡಿಯಿಂದ ಜಾಸ್ತಿ ಅಂತರ ಬಿಟ್ಟು, ಸಮಾಧಾನವಾಗಿ ಗ್ಯಾರೇಜಿನವರೆಗೆ ಓಡಿಸಬಹುದು.

ಜೊತೆಗೆ ಕೆಂಪು ಬ್ರೇಕ್ ಲೈಟೂ ಉರಿದರೆ ಲೆಕ್ಕ ಬೇರೆ. ಮೊದಲು ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿದಿದೆಯಾ ನೋಡಿ. ಆಮೇಲೆ ಬಾನೆಟ್ ಎತ್ತಿ ಬ್ರೇಕ್ ಆಯಿಲ್ ಡಬ್ಬಿ ನೋಡಿ. ಆಯಿಲ್ ಕಡಿಮೆಯಾಗಿದ್ದರೆ ಎಲ್ಲೋ ಸೋರುತ್ತಿದೆ, ಇಲ್ಲಾ ಪ್ಯಾಡ್ ತುಂಬಾ ಸವೆದಿದೆ. ಆಯಿಲ್ ಸರಿಯಿದ್ದೂ ಎರಡು ಲೈಟು ಉರಿದರೆ, ಮುಂದಿನ ಮತ್ತು ಹಿಂದಿನ ಚಕ್ರಕ್ಕೆ ಬ್ರೇಕ್ ಹಂಚುವ ಇಬಿಡಿಯೂ ಕೈಕೊಟ್ಟಿರಬಹುದು. ಆಗ ಜೋರಾಗಿ ಬ್ರೇಕ್ ಒತ್ತಿದರೆ ಹಿಂದಿನ ಚಕ್ರ ಮೊದಲು ಲಾಕ್ ಆಗಿ ಗಾಡಿ ಅಡ್ಡ ತಿರುಗುವ ಅಪಾಯವಿದೆ. ಅಂಥ ಗಾಡಿಯಲ್ಲಿ ಘಾಟಿ ಇಳಿಯುವ ಯೋಚನೆ ಬೇಡ. ಟೋ ಮಾಡಿಸಿ.

ಕೀ ತಿರುಗಿಸಿದಾಗ ಉರಿದು ತಾನೇ ಆರುತ್ತದೆ. ಅದೂ ತೊಂದರೆಯಾ?

ಅಲ್ಲ. ಅದು ಎಬಿಎಸ್ ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳುವ ರೀತಿ. ಎರಡು ಮೂರು ಸೆಕೆಂಡಿನಲ್ಲಿ ಆರಬೇಕು. ಕೀ ಹಾಕಿದಾಗ ಲೈಟು ಒಮ್ಮೆಯೂ ಬರದಿದ್ದರೆ ಅದೇ ತೊಂದರೆ. ಹಳೇ ಗಾಡಿ ಕೊಳ್ಳುವವರು ಇದನ್ನು ನೋಡಲೇಬೇಕು. ಬಲ್ಬ್ ಕಿತ್ತು ಮಾರುವ ಪುಣ್ಯಾತ್ಮರೂ ಇದ್ದಾರೆ.

ಹೊರಟ ಸ್ವಲ್ಪ ಹೊತ್ತಿಗೆ ಬಾನೆಟ್ ಒಳಗಿಂದ ‘ಗ್ರ್ರ್’ ಎಂದು ಒಂದು ಕ್ಷಣ ಸದ್ದು ಬಂದರೂ ಹೆದರಬೇಡಿ. ಪಂಪಿನ ಮೋಟರ್ ಒಮ್ಮೆ ತಿರುಗಿ ನೋಡಿಕೊಳ್ಳುತ್ತಿರುತ್ತದೆ.

ಇದರೊಳಗೆ ನಿಜವಾಗಿ ಇರುವುದೇನು?

ಪ್ರತಿ ಚಕ್ರದ ಹತ್ತಿರ ಬೆರಳಿನಷ್ಟು ದೊಡ್ಡ ಒಂದು ಸೆನ್ಸರ್. ಅದರ ಮುಂದೆ ಚಕ್ರದ ಜೊತೆ ತಿರುಗುವ ಒಂದು ಬಳೆ. ಇದಕ್ಕೆ ಟೋನ್ ರಿಂಗ್ ಎನ್ನುತ್ತಾರೆ. ಹಳೇ ಗಾಡಿಗಳಲ್ಲಿ ಅದಕ್ಕೆ ಗೇರಿನ ಹಾಗೆ ಹಲ್ಲಿರುತ್ತದೆ. ಹೊಸ ಗಾಡಿಗಳಲ್ಲಿ ಹಲ್ಲಿನ ಬದಲು ಬೇರಿಂಗಿನ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಸೇರಿಸಿರುತ್ತಾರೆ. ಹಲ್ಲು ಎದುರಿಗೆ ಹಾದು ಹೋದಾಗಲೆಲ್ಲ ಸೆನ್ಸರ್ ಒಂದು ಮಿಡಿತ ಕಳಿಸುತ್ತದೆ.

ಒಂದು ಲೆಕ್ಕ ನೋಡಿ. 195/65 ಆರ್15 ಟೈರಿನ ಸುತ್ತಳತೆ ಹತ್ತಿರ ಹತ್ತಿರ 2 ಮೀಟರ್. ಬಳೆಯಲ್ಲಿ 48 ಹಲ್ಲಿದೆ ಎಂದುಕೊಳ್ಳಿ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಆ ಚಕ್ರ ಸೆಕೆಂಡಿಗೆ ಎಂಟು ಸುತ್ತಿಗಿಂತ ಸ್ವಲ್ಪ ಜಾಸ್ತಿ ತಿರುಗುತ್ತದೆ. ಅಂದರೆ ಸೆಕೆಂಡಿಗೆ ಸುಮಾರು 400 ಮಿಡಿತ. ಇಂಥ ನಾಲ್ಕು ಲೆಕ್ಕ ಒಟ್ಟಿಗೆ ಮಾಡ್ಯೂಲಿಗೆ ಹೋಗುತ್ತಿರುತ್ತವೆ. ಬ್ರೇಕ್ ಒತ್ತಿದಾಗ ಒಂದು ಚಕ್ರ ಮಿಕ್ಕ ಮೂರಕ್ಕಿಂತ ದಿಢೀರನೆ ನಿಧಾನವಾದರೆ ಅದು ಲಾಕ್ ಆಗುತ್ತಿದೆ ಎಂದರ್ಥ. ಆ ಚಕ್ರದ ಬ್ರೇಕಿನ ಒತ್ತಡವನ್ನು ಮಾಡ್ಯೂಲ್ ಹಿಡಿದು, ಬಿಟ್ಟು, ಮತ್ತೆ ಹಿಡಿದು ಸೆಕೆಂಡಿಗೆ ಹಲವು ಸಲ ಆಡಿಸುತ್ತದೆ. ಕಾಲಿಗೆ ಪೆಡಲ್ ಗಡಗಡ ಎನ್ನುವುದು ಅದಕ್ಕೇ.

ಈಗಿನ ಎಲೆಕ್ಟ್ರಾನಿಕ್ ಎಬಿಎಸ್ ಅನ್ನು ಬಾಷ್ ಕಂಪನಿ 1978ರಲ್ಲಿ ಮರ್ಸಿಡಿಸ್ ಎಸ್ ಕ್ಲಾಸ್ ಕಾರಿಗೆ ಕೊಟ್ಟಿತು. ಬೆಂಗಳೂರಿನವರು ಮೈಕೋ ಎಂದು ಕರೆಯುತ್ತಿದ್ದ ಆಡುಗೋಡಿಯ ಕಂಪನಿಗೆ ಈಗಿರುವುದು ಅದೇ ಬಾಷ್ ಹೆಸರು. ನಮ್ಮ ದೇಶದಲ್ಲಿ 2019ರ ಏಪ್ರಿಲ್‌ನಿಂದ ಹೊಸ ಕಾರುಗಳಿಗೆಲ್ಲ, 125 ಸಿಸಿ ದಾಟಿದ ಬೈಕುಗಳಿಗೆಲ್ಲ ಎಬಿಎಸ್ ಕಡ್ಡಾಯವಾಯಿತು. ಹಾಗಾಗಿ ಈ ಲೈಟಿನ ಕಾಟ ಈಗ ದೊಡ್ಡ ಗಾಡಿಯವರಿಗೆ ಮಾತ್ರ ಮೀಸಲಲ್ಲ.

ಕೆಟ್ಟಿದ್ದರೆ ಯಾವಾಗಲೂ ಉರಿಯಬೇಕಲ್ವಾ? ಒಮ್ಮೊಮ್ಮೆ ಮಾತ್ರ ಯಾಕೆ?

ಎಲ್ಲಕ್ಕಿಂತ ಮುಖ್ಯವಾದ ಪ್ರಶ್ನೆ ಇದು. ಪೂರ್ತಿ ಸತ್ತ ಸೆನ್ಸರ್ ಯಾವಾಗಲೂ ಸತ್ತೇ ಇರುತ್ತದೆ. ಕೀ ಹಾಕಿದ ಕೂಡಲೇ, ಇಲ್ಲಾ ಹೊರಟ ಕೂಡಲೇ ಲೈಟು ಬಂದು ಅಲ್ಲೇ ನಿಲ್ಲುತ್ತದೆ. ಬಂದು ಹೋಗುವ ಲೈಟು ಎಂದರೆ ಎಲ್ಲೋ ಏನೋ ಅರ್ಧ ತಾಗಿಕೊಂಡಿದೆ. ಅಲುಗಾಟ, ನೀರು, ಬಿಸಿ, ಈ ಮೂರರಲ್ಲಿ ಒಂದು ಅದನ್ನು ಬಿಡಿಸುತ್ತಿದೆ. ಆದ್ದರಿಂದ ‘ಏನು ಕೆಟ್ಟಿದೆ’ ಎಂದು ಹುಡುಕುವ ಮೊದಲು ‘ಯಾವಾಗ ಬರುತ್ತದೆ’ ಎಂದು ಬರೆದಿಟ್ಟುಕೊಳ್ಳಿ. ಒಂದು ವಾರ ಸಾಕು. ನಾನು ಪೆಟ್ರೋಲ್ ಬಂಕಿನ ರಸೀದಿಗಳ ಹಿಂದೆ ಬರೆಯುತ್ತಿದ್ದೆ.

ಹಂಪು, ಹೊಂಡ ಹಾರಿದಾಗ ಅಥವಾ ಸ್ಟೀರಿಂಗ್ ಪೂರ್ತಿ ತಿರುಗಿಸಿದಾಗ ಬಂದರೆ ವೈರ್ ಎಲ್ಲೋ ಮಡಚಿ ಮಡಚಿ ಒಳಗೆ ತುಂಡಾಗಿದೆ, ಇಲ್ಲಾ ಕನೆಕ್ಟರ್ ಸಡಿಲವಾಗಿದೆ. ಮುಂದಿನ ಚಕ್ರದ ವೈರಿಗೆ ಈ ಕಾಟ ಜಾಸ್ತಿ. ಅದು ಮೇಲೆ ಕೆಳಗೂ ಆಡಬೇಕು, ಎಡಕ್ಕೆ ಬಲಕ್ಕೂ ಹೊರಳಬೇಕು.

ಮಳೆಯಲ್ಲಿ, ಇಲ್ಲಾ ವಾಟರ್ ಸರ್ವಿಸ್ ಮಾಡಿಸಿದ ಮಾರನೇ ದಿನ ಬಂದು, ಬಿಸಿಲಿಗೆ ನಿಲ್ಲಿಸಿದರೆ ಹೋದರೆ ಕನೆಕ್ಟರಿಗೆ ನೀರು ಇಳಿದಿದೆ. ಅರ್ಧ ಗಂಟೆ ಓಡಿದ ಮೇಲಷ್ಟೇ ಬರುತ್ತದೆ, ಬೆಳಿಗ್ಗೆ ಇರುವುದೇ ಇಲ್ಲ ಎಂದರೆ ಬಿಸಿಯಾದಾಗ ಒಳಗೆ ಬಿಟ್ಟುಕೊಳ್ಳುವ ಸೆನ್ಸರ್ ಅಥವಾ ಮಾಡ್ಯೂಲ್ ಮೇಲೆ ಅನುಮಾನ. ಬೆಳಿಗ್ಗೆ ಸ್ಟಾರ್ಟ್ ಮಾಡುವಾಗ ಮಾತ್ರ ಬಂದರೆ ಬ್ಯಾಟರಿ. ಉದ್ದದ ತಿರುವಿನಲ್ಲಿ, ಒಂದೇ ಕಡೆಗೆ ಹೊರಳುವಾಗ ಬಂದರೆ ಚಕ್ರದ ಬೇರಿಂಗ್ ಆಟ ಬಿದ್ದಿದೆಯಾ ನೋಡಿ. ಬೇರಿಂಗ್ ಓಲಾಡಿದಾಗ ಸೆನ್ಸರಿಗೂ ಬಳೆಗೂ ನಡುವಿನ ಸಂದು ಹಿಗ್ಗುತ್ತದೆ. ಆ ಸಂದು ಇರಬೇಕಾದದ್ದೇ ಒಂದು ಮಿಲಿಮೀಟರ್ ಆಸುಪಾಸು.

ನನ್ನ ರಸೀದಿಗಳಲ್ಲಿ ಎಲ್ಲದರಲ್ಲೂ ಒಂದೇ ಬರಹವಿತ್ತು: ಹಂಪು, ಎಡ ತಿರುವು. ಅದನ್ನು ಮೊದಲೇ ನೆಟ್ಟಗೆ ಓದಿಕೊಂಡಿದ್ದರೆ ಎರಡು ತಿಂಗಳು ಉಳಿಯುತ್ತಿತ್ತು.

ಗ್ಯಾರೇಜಿಗೆ ಹೋದಾಗ ಲೈಟು ಇರುವುದೇ ಇಲ್ಲ. ಅವರಿಗೆ ಹೇಗೆ ಗೊತ್ತಾಗುತ್ತದೆ?

ಲೈಟು ಆರಿದರೂ ಮಾಡ್ಯೂಲ್ ನೆನಪಿನಲ್ಲಿ ಕೋಡ್, ಅಂದರೆ ತೊಂದರೆ ಯಾವುದೆಂದು ಹೇಳುವ ನಂಬರ್, ಇಟ್ಟುಕೊಂಡಿರುತ್ತದೆ. ಹೆಚ್ಚಿನ ಗಾಡಿಗಳಲ್ಲಿ ಹಲವು ಸಲ ಸ್ಟಾರ್ಟ್ ಮಾಡಿ ಓಡಿಸುವವರೆಗೂ ಅದು ಹೋಗುವುದಿಲ್ಲ. ತೊಂದರೆ ಬಂದ ಕ್ಷಣದಲ್ಲಿ ವೇಗ ಎಷ್ಟಿತ್ತು, ಬ್ರೇಕ್ ಒತ್ತಿತ್ತಾ ಎನ್ನುವುದನ್ನೂ ಕೆಲವು ಗಾಡಿಗಳು ಬರೆದಿಡುತ್ತವೆ. ಹಾಗಾಗಿ ಗ್ಯಾರೇಜಿಗೆ ಹೋಗುವ ಮೊದಲು ಬ್ಯಾಟರಿ ವೈರ್ ಬಿಚ್ಚಿ ‘ರೀಸೆಟ್’ ಮಾಡಬೇಡಿ. ಇದ್ದ ಸಾಕ್ಷಿಯನ್ನೂ ಒರೆಸಿ ಹಾಕಿದಂತಾಗಬಹುದು. ಅಲ್ಲಿ ಹೋದ ಮೇಲೂ, ಕೋಡ್ ಅಳಿಸುವ ಮುಂಚೆ, ಅದನ್ನು ಓದುವ ಸ್ಕ್ಯಾನರಿನ ಪರದೆಯ ಫೋಟೋ ತೆಗೆದುಕೊಳ್ಳಿ.

ನನ್ನ ಹತ್ತಿರ ಬ್ಲೂಟೂತ್ ಸ್ಕ್ಯಾನರ್ ಇದೆ. ‘ಕೋಡ್ ಇಲ್ಲ’ ಅಂತ ತೋರಿಸುತ್ತದೆ.

ಅಗ್ಗದ ಸ್ಕ್ಯಾನರ್‌ಗಳು ಹೆಚ್ಚಾಗಿ ಎಂಜಿನ್ನಿನ ಕೋಡ್ ಮಾತ್ರ ಓದುತ್ತವೆ. ಅವು ಪಿ ಅಕ್ಷರದಿಂದ ಶುರುವಾಗುತ್ತವೆ. ಬ್ರೇಕಿನ ಕೋಡ್‌ಗಳು ಸಿ ಅಕ್ಷರದವು. ಮಾಡ್ಯೂಲಿನ ಜೊತೆ ಮಾತೇ ನಿಂತರೆ ಬರುವ ಯು0121 ಥರದ್ದು ಯು ಅಕ್ಷರದವು. ಇವನ್ನು ಓದಲು ನಿಮ್ಮ ಕಂಪನಿಯ ಗಾಡಿಯ ಎಬಿಎಸ್ ಜೊತೆ ಮಾತಾಡಬಲ್ಲ ಸ್ಕ್ಯಾನರ್ ಅಥವಾ ಆ್ಯಪ್ ಬೇಕು. ಕೊಳ್ಳುವ ಮೊದಲು ‘ಎಬಿಎಸ್ ಓದುತ್ತದಾ’ ಎಂದಷ್ಟೇ ಕೇಳಬೇಡಿ. ‘ನಾಲ್ಕು ಚಕ್ರದ ವೇಗ ಲೈವ್ ಆಗಿ ತೋರಿಸುತ್ತದಾ’ ಎಂದು ಕೇಳಿ. ಬಂದು ಹೋಗುವ ತೊಂದರೆಗೆ ಕೋಡಿಗಿಂತ ಆ ನಾಲ್ಕು ಅಂಕೆಗಳೇ ದೊಡ್ಡ ಆಸರೆ.

ಕೋಡ್ ‘ಎಡ ಮುಂದಿನ ಸೆನ್ಸರ್’ ಎಂದಿದೆ. ಸೆನ್ಸರ್ ತಂದು ಹಾಕಿದರೆ ಮುಗಿಯಿತಲ್ಲ?

ಅಲ್ಲೇ ಎಲ್ಲರೂ ದುಡ್ಡು ಕಳೆದುಕೊಳ್ಳುವುದು. ಸಿ0035 ಎಂದರೆ ಎಡ ಮುಂದೆ, ಸಿ0040 ಬಲ ಮುಂದೆ, ಸಿ0045 ಎಡ ಹಿಂದೆ, ಸಿ0050 ಬಲ ಹಿಂದೆ. ಕಂಪನಿಗಳು ತಮ್ಮದೇ ನಂಬರ್ ಇಟ್ಟಿರುವುದೂ ಉಂಟು. ಎಡ ಬಲ ಎಂದರೆ ಡ್ರೈವರ್ ಸೀಟಿನಲ್ಲಿ ಕೂತವರ ಎಡ ಬಲ. ಗಾಡಿಯ ಮುಂದೆ ನಿಂತು ನೋಡುವವರದ್ದಲ್ಲ. ಆ ಕೋಡ್ ಹೇಳುತ್ತಿರುವುದು ‘ಆ ಚಕ್ರದಿಂದ ಸರಿಯಾದ ಸುದ್ದಿ ಬರುತ್ತಿಲ್ಲ’ ಎಂದಷ್ಟೇ. ಸುದ್ದಿ ಬರುವ ದಾರಿಯಲ್ಲಿ ಬಳೆ, ಬೇರಿಂಗ್, ಸೆನ್ಸರ್, ಅದರ ವೈರ್, ಕನೆಕ್ಟರ್, ಬಾಡಿಯ ವೈರಿಂಗ್, ಮಾಡ್ಯೂಲಿನ ಪಿನ್ ಎಲ್ಲ ಇವೆ. ಪೋಸ್ಟ್ ಬರಲಿಲ್ಲವೆಂದು ಕಾಗದ ಬರೆದವರನ್ನೇ ಬೈದರೆ ಹೇಗೆ?

ಒಂದು ಉಪಾಯವಿದೆ. ಎಡ ಬಲದ ಸೆನ್ಸರ್‌ಗಳು ಒಂದೇ ಥರ ಇದ್ದು ಸುಲಭವಾಗಿ ಬಿಚ್ಚಿ ಬರುವಂತಿದ್ದರೆ ಅದಲುಬದಲು ಮಾಡಿ ನಾಲ್ಕು ದಿನ ಓಡಿಸಿ. ಕೋಡ್ ಈಗ ಬಲಕ್ಕೆ ಹೋಯಿತೋ, ಸೆನ್ಸರೇ ಕಳ್ಳ. ಎಡದಲ್ಲೇ ಉಳಿಯಿತೋ, ಬೇರೆ ಕಡೆ ಹುಡುಕಿ. ಆದರೆ ಎಷ್ಟೋ ಗಾಡಿಗಳಲ್ಲಿ ಎಡದ ವೈರಿನ ಅಳತೆ, ಕ್ಲಿಪ್ಪಿನ ಜಾಗ ಬಲದ್ದಕ್ಕೆ ಹೊಂದುವುದಿಲ್ಲ. ಎಳೆದು ಹಾಕಬೇಡಿ.

ಯಾವ ಉಪಕರಣವೂ ಇಲ್ಲದೆ ಮನೆಯಲ್ಲಿ ಏನು ನೋಡಬಹುದು?

ತುಂಬಾ ನೋಡಬಹುದು. ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಮಿಕ್ಕ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕಿ ಎತ್ತಿ, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟು ಚಕ್ರ ಬಿಚ್ಚಿ. ಬರೀ ಜಾಕಿಯ ಮೇಲೆ ನಿಂತ ಗಾಡಿಯ ಕೆಳಗೆ ಕೈಕಾಲು ಹಾಕಬೇಡಿ. ಬಿಚ್ಚುವ ಮೊದಲು ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ. ಕಟಕಟ ಎಂದರೆ ಬೇರಿಂಗೋ ಬಾಲ್ ಜಾಯಿಂಟೋ ಸವೆದಿದೆ.

ಆಮೇಲೆ ಸೆನ್ಸರಿನಿಂದ ಹೊರಟ ವೈರನ್ನು ಬೆರಳಿನಲ್ಲೇ ಹಿಂಬಾಲಿಸಿ. ನನ್ನ ಗಾಡಿಯಲ್ಲಿ ಅದು ಶಾಕ್ ಅಬ್ಸಾರ್ಬರಿನ ಪಕ್ಕ ಒಂದು ರಬ್ಬರ್ ಕ್ಲಿಪ್ಪಿನೊಳಗೆ ತೂರಿ, ಮಡ್‌ಗಾರ್ಡಿನ ಒಳಗಿನ ಪ್ಲಾಸ್ಟಿಕ್ಕಿನ ಹಿಂದೆ ಮಾಯವಾಗುತ್ತಿತ್ತು. ಹೊರಗಿಂದ ನೋಡಿದರೆ ಒಂದು ಗೀರೂ ಇಲ್ಲ. ಕೆಂಪು ಮಣ್ಣು ಒರೆಸಿ, ಕ್ಲಿಪ್ಪಿನ ಎರಡೂ ಕಡೆ ವೈರನ್ನು ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ನಿಧಾನ ಬಗ್ಗಿಸುತ್ತಾ ಹೋದೆ. ಎಲ್ಲ ಕಡೆ ಒಂದೇ ಬಿಗಿ. ಕ್ಲಿಪ್ಪಿನಿಂದ ಅರ್ಧ ಅಂಗುಲ ಮೇಲೆ ಮಾತ್ರ ಮೆತ್ತಗೆ, ಬಾಡಿದ ಬಸಳೆ ಕಾಂಡದ ಹಾಗೆ ಬಗ್ಗಿತು. ಅಲ್ಲಿ ಹಿಡಿದು ಎಳೆದರೆ ಮೇಲಿನ ಹೊದಿಕೆ ಸ್ವಲ್ಪ ಹಿಗ್ಗುತ್ತಿತ್ತು. ತಾಮ್ರ ಇರುವ ಕಡೆ ಹಿಗ್ಗುವುದಿಲ್ಲ. ಆಮೇಲೆ ಬ್ಲೇಡಿನಲ್ಲಿ ಸೀಳಿ ನೋಡಿದರೆ ಒಂದು ತಂತಿ ಪೂರ್ತಿ ತುಂಡಾಗಿ, ತುದಿಗಳು ಕಪ್ಪಾಗಿ, ಒಂದಕ್ಕೊಂದು ಮೂಗು ತಾಗಿಸಿಕೊಂಡು ಕೂತಿದ್ದವು. ಗಾಡಿ ನೆಟ್ಟಗೆ ಹೋಗುವಾಗ ತಾಗುತ್ತಿದ್ದವು. ಹಂಪು ಹಾರಿದರೆ ಬಿಡುತ್ತಿದ್ದವು.

ಕನೆಕ್ಟರ್ ಬಿಚ್ಚಿದಾಗ ಪಿನ್ನಿನ ಮೇಲೆ ಹಸಿರು ಪುಡಿ ಕಂಡರೆ ಅದು ಕಿಲುಬು. ತಾಮ್ರದ ಚೊಂಬಿಗೆ ಹಿಡಿಯುತ್ತದಲ್ಲ, ಅದೇ. ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು, ಮೆತ್ತನೆ ಬ್ರಶ್‌ನಲ್ಲಿ ಉಜ್ಜಿ, ಒಣಗಿಸಿ. ಸೀಲಿನ ರಬ್ಬರಿಗೆ ಚೂರು ಡೈಎಲೆಕ್ಟ್ರಿಕ್ (ಕರೆಂಟ್ ಹರಿಯದ) ಗ್ರೀಸ್ ಸವರಿ ಹಾಕಿ. ಪಿನ್ನಿನ ಹಿಡಿತ ಸಡಿಲವಾಗಿದ್ದರೆ ಎಷ್ಟು ತೊಳೆದರೂ ವ್ಯರ್ಥ.

ಮಲೆನಾಡಿನವರಿಗೆ ಇನ್ನೊಂದು ಮಾತು. ಅಡಿಕೆ ಸುಲಿಯುವ ಮನೆಯ ಪಕ್ಕ ಗಾಡಿ ನಿಲ್ಲಿಸುವವರು ಇಲಿ ಹಲ್ಲಿನ ಗುರುತು ಇದೆಯಾ ಎಂದೂ ನೋಡಿ.

ಮಲ್ಟಿಮೀಟರ್ ಇದೆ. ಹೇಗೆ ಅಳೆಯುವುದು?

ಮೊದಲು ನಿಮ್ಮ ಸೆನ್ಸರ್ ಯಾವ ಜಾತಿ ಎಂದು ತಿಳಿಯಬೇಕು. ಆ್ಯಕ್ಟಿವ್, ಪ್ಯಾಸಿವ್ ಎಂದು ಎರಡು ಜಾತಿ. ಎರಡಕ್ಕೂ ಎರಡೇ ವೈರ್ ಇರುವುದರಿಂದ ನೋಡಿ ಹೇಳುವುದು ಕಷ್ಟ. ಕೀ ಆಫ್ ಇಟ್ಟು ಕನೆಕ್ಟರ್ ಬಿಚ್ಚಿ, ಆಮೇಲೆ ಕೀ ಆನ್ ಮಾಡಿ, ಬಾಡಿ ಕಡೆಯಿಂದ ಬರುವ ಎರಡು ಪಿನ್ನಿನ ನಡುವೆ ಡಿಸಿ ವೋಲ್ಟ್ ನೋಡಿ. ಬ್ಯಾಟರಿಯ ಹತ್ತಿರ ಹತ್ತಿರ ವೋಲ್ಟ್ ಇದ್ದರೆ ಅದು ಆ್ಯಕ್ಟಿವ್ ಸೆನ್ಸರಿನ ಗಾಡಿ. ಈಗಿನ ಗಾಡಿಗಳಲ್ಲಿ ಬಹುಪಾಲು ಇದೇ.

ಹಳೇ ಜಾತಿಯದ್ದು ಪ್ಯಾಸಿವ್, ಅಂದರೆ ಅಯಸ್ಕಾಂತಕ್ಕೆ ಸುತ್ತಿದ ಒಂದು ಸುರುಳಿ. ಇದಕ್ಕೆ ಓಮ್ಸ್ ಅಳೆಯಬಹುದು. ಹೆಚ್ಚಾಗಿ 800ರಿಂದ 2500 ಓಮ್ ನಡುವೆ ಇರುತ್ತದೆ. ಅಂಕೆಗಿಂತ ಎಡ ಬಲ ಎರಡೂ ಹೊಂದುತ್ತವಾ ಎನ್ನುವುದು ಮುಖ್ಯ. ಮೀಟರ್ ಹಿಡಿದುಕೊಂಡೇ ಇನ್ನೊಬ್ಬರಿಗೆ ವೈರ್ ಅಲ್ಲಾಡಿಸಲು ಹೇಳಿ. ಅಂಕೆ ಕುಣಿದರೆ ಸಿಕ್ಕಿತು. ಮೀಟರನ್ನು ಎಸಿ ವೋಲ್ಟಿಗೆ ತಿರುಗಿಸಿ ಚಕ್ರವನ್ನು ಕೈಯಲ್ಲಿ ಜೋರಾಗಿ ತಿರುಗಿಸಿದರೆ ಸಣ್ಣ ವೋಲ್ಟೇಜ್ ಬರಬೇಕು, ಜೋರು ಮಾಡಿದಷ್ಟೂ ಏರಬೇಕು. ಬಿಸಿಯಾದಾಗ ಮಾತ್ರ ಕೈಕೊಡುವ ಸೆನ್ಸರಿಗೆ ಹೇರ್ ಡ್ರೈಯರ್ ಹಿಡಿದು ಅಳೆಯಿರಿ. ಮನೆಯವರ ಅನುಮತಿ ಕೇಳಿಕೊಂಡೇ.

ಆ್ಯಕ್ಟಿವ್ ಸೆನ್ಸರಿಗೆ ಓಮ್ಸ್ ಅಳೆದು ತೀರ್ಪು ಕೊಡಬೇಡಿ. ಅದರೊಳಗೆ ಚಿಪ್ ಇದೆ, ಅದು ಕಳಿಸುವುದು ಕರೆಂಟಿನ ಏರಿಳಿತ: ಸುಮಾರು 7 ಮಿಲಿಆಂಪ್, 14 ಮಿಲಿಆಂಪ್, ಮತ್ತೆ 7. ‘ಮೀಟರ್ ಏನೂ ತೋರಿಸಲಿಲ್ಲ, ಸೆನ್ಸರ್ ಸತ್ತಿದೆ’ ಎಂದು ಒಳ್ಳೇ ಸೆನ್ಸರನ್ನು ಎಸೆದವರಿದ್ದಾರೆ. ಇದಕ್ಕೆ ಸ್ಕ್ಯಾನರಿನ ಲೈವ್ ಅಂಕೆಯೇ ಸರಿ.

ಒಂದು ಎಚ್ಚರ. ವೈರಿಗೆ ಸೂಜಿ ಚುಚ್ಚಿ ಅಳೆಯಬೇಡಿ. ಇವತ್ತು ಅಳತೆ ಸಿಗುತ್ತದೆ, ಮುಂದಿನ ಮಳೆಗಾಲಕ್ಕೆ ಆ ತೂತಿನಿಂದಲೇ ಕಿಲುಬು ಶುರು.

ಗಾಡಿ ನಿಲ್ಲಿಸುವ ಹೊತ್ತಿಗೆ, 10ಕ್ಕಿಂತ ಕಡಿಮೆ ವೇಗದಲ್ಲಿ, ಒಣ ರಸ್ತೆಯಲ್ಲೂ ಪೆಡಲ್ ಗಡಗಡ ಎನ್ನುತ್ತದೆ. ಲೈಟು ಮಾತ್ರ ಒಮ್ಮೊಮ್ಮೆ.

ಇದು ಬಳೆಯ ತೊಂದರೆಯ ಹಳೇ ಗುರುತು. ಟೋನ್ ರಿಂಗ್ ಸೀಳಿದ್ದರೆ, ತುಕ್ಕು ಉಬ್ಬಿ ಹಲ್ಲಿನ ನಡುವೆ ತುಂಬಿದ್ದರೆ, ಇಲ್ಲಾ ಸೆನ್ಸರ್ ದೂರ ಸರಿದಿದ್ದರೆ ನಿಧಾನ ವೇಗದಲ್ಲಿ ಮಿಡಿತ ತಪ್ಪುತ್ತದೆ. ಪ್ಯಾಸಿವ್ ಸೆನ್ಸರಿನ ಧ್ವನಿ ನಿಧಾನಕ್ಕೆ ಹೋದಾಗ ಮೊದಲೇ ಸಣ್ಣದು. ಮಾಡ್ಯೂಲಿಗೆ ‘ಈ ಚಕ್ರ ನಿಂತೇಬಿಟ್ಟಿತು’ ಅನಿಸುತ್ತದೆ. ಲಾಕ್ ಆಯಿತೆಂದು ಬ್ರೇಕ್ ಬಿಡುತ್ತದೆ. ನೀವು ಬ್ರೇಕ್ ಒತ್ತಿದ್ದೀರಿ, ಗಾಡಿ ಮುಂದೆ ತೆವಳುತ್ತಿದೆ. ಸಿಗ್ನಲ್ಲಿನಲ್ಲಿ ಇದು ಅಪಾಯ. ಲೈಟು ಉರಿಯದಿದ್ದರೂ ಮುಂದೂಡಬೇಡಿ.

ಚಕ್ರ ಎತ್ತಿ, ಟಾರ್ಚ್ ಹಿಡಿದು, ನಿಧಾನ ಒಂದು ಸುತ್ತು ತಿರುಗಿಸುತ್ತಾ ಪ್ರತಿ ಹಲ್ಲನ್ನೂ ನೋಡಿ. ಸೀಳು ಕೂದಲೆಳೆಯಷ್ಟು ಇರುತ್ತದೆ. ಬರೀ ತುಕ್ಕು, ಕೆಸರಿದ್ದರೆ ತಂತಿ ಬ್ರಶ್‌ನಿಂದ ಉಜ್ಜಿದರೆ ಸಾಕಾಗಬಹುದು. ಸೀಳಿದ್ದರೆ ಬಳೆ ಬದಲಾಯಿಸಬೇಕು. ಕೆಲವು ಗಾಡಿಗಳಲ್ಲಿ ಅದೊಂದೇ ಸಿಗುವುದಿಲ್ಲ, ಆ್ಯಕ್ಸಲ್ ಜೊತೆ ಇಲ್ಲಾ ಹಬ್ ಜೊತೆಯೇ ಬರುತ್ತದೆ. ಅಯಸ್ಕಾಂತದ ಪಟ್ಟಿಯ ಬೇರಿಂಗ್ ಆದರೆ ತಂತಿ ಬ್ರಶ್ ಹತ್ತಿರ ತರಬೇಡಿ. ಬಟ್ಟೆಯಿಂದ ಒರೆಸಿ.

ಬೇರಿಂಗ್ ಹೊಸದು ಹಾಕಿಸಿದ ದಿನದಿಂದಲೇ ಲೈಟು ಬರುತ್ತಿದೆ.

ಅಯಸ್ಕಾಂತದ ಪಟ್ಟಿ ಇರುವ ಬೇರಿಂಗಿಗೆ ಒಳಮುಖ, ಹೊರಮುಖ ಇದೆ. ತಿರುಗಿಸಿ ಪ್ರೆಸ್ ಮಾಡಿಬಿಟ್ಟರೆ ಸೆನ್ಸರ್ ಎದುರಿಗೆ ಬರೀ ರಬ್ಬರ್ ಸೀಲು. ಆಗ ಲೈಟು ಬಂದು ಹೋಗುವುದಿಲ್ಲ, ಬಂದೇ ಇರುತ್ತದೆ. ಪ್ರೆಸ್ ಮಾಡುವಾಗ ಪಟ್ಟಿಗೆ ಪೆಟ್ಟು ಬಿದ್ದಿದ್ದರೆ, ಅದರ ಮೇಲೆ ಕಬ್ಬಿಣದ ಚೂರು ಅಂಟಿದ್ದರೆ, ಸೆನ್ಸರ್ ಸರಿಯಾಗಿ ಕೂರದಿದ್ದರೆ ಬಂದು ಹೋಗುತ್ತದೆ. ಡ್ರೈವ್ ಶಾಫ್ಟ್ ಬದಲಾಯಿಸಿದ್ದರೆ ಹೊಸದರಲ್ಲಿ ಬಳೆ ಇದೆಯಾ, ಹಲ್ಲಿನ ಲೆಕ್ಕ ಹಳೆಯದರಷ್ಟೇ ಇದೆಯಾ ಎಂದು ಎಣಿಸಿ.

ತುಂಡಾದ ವೈರನ್ನು ಜಾಯಿಂಟ್ ಮಾಡಿದರೆ ಸಾಲದಾ?

ಸುತ್ತಿ ಟೇಪ್ ಹಾಕುವ ಜಾಯಿಂಟ್ ಬೇಡವೇ ಬೇಡ. ಅಲುಗಾಡುವ ಜಾಗದಲ್ಲಿ ಸೋಲ್ಡರ್ ಮಾಡಿದರೂ ಬೆಸುಗೆಯ ಪಕ್ಕದಲ್ಲಿ ಗಡುಸಾಗಿ, ಅಲ್ಲೇ ಮತ್ತೆ ಮುರಿಯುತ್ತದೆ. ಸೆನ್ಸರಿನ ಸ್ವಂತ ವೈರ್ ತುಂಡಾಗಿದ್ದರೆ ವೈರ್ ಸಮೇತ ಹೊಸ ಸೆನ್ಸರ್ ಹಾಕುವುದೇ ಸರಿ. ನಾನು ಮಾಡಿದ್ದೂ ಅದೇ. ತುಂಡಾಗಿರುವುದು ಬಾಡಿ ಕಡೆಯ ವೈರಿಂಗ್ ಆದರೆ, ಅಲುಗಾಡದ ಜಾಗದವರೆಗೆ ಹಿಂದೆ ಹೋಗಿ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ (ಬಿಸಿಗೆ ಕುಗ್ಗಿ ಹಿಡಿಯುವ) ಕೊಳವೆಯೊಳಗೆ ಕ್ರಿಂಪ್ (ಒತ್ತಿ ಬಿಗಿಯುವ) ಜಾಯಿಂಟ್ ಮಾಡಿಸಿ. ಎರಡು ತಂತಿ ಒಂದಕ್ಕೊಂದು ಹೆಣೆದುಕೊಂಡಿದ್ದರೆ ಆ ಹೆಣಿಗೆಯನ್ನು ಹಾಗೇ ಉಳಿಸಿ. ಬೇರೆ ವೈರುಗಳ ಗದ್ದಲ ಒಳಗೆ ನುಸುಳದಿರಲಿ ಎಂದೇ ಅದನ್ನು ಹೆಣೆದಿರುವುದು. ಹಳೇ ಕ್ಲಿಪ್ ಯಾವ ಯಾವ ಜಾಗದಲ್ಲಿತ್ತೋ ಅಲ್ಲಲ್ಲೇ ಹಾಕಿ.

ಸೆನ್ಸರ್ ತುಕ್ಕು ಹಿಡಿದು ಕೂತಿದೆ, ಹೊರಗೆ ಬರುತ್ತಿಲ್ಲ.

ವೈರ್ ಹಿಡಿದು ಜಗ್ಗಬೇಡಿ. ತುಕ್ಕು ಬಿಡಿಸುವ ಎಣ್ಣೆ ಬಿಟ್ಟು ಒಂದು ರಾತ್ರಿ ಹಾಗೇ ಇರಲಿ, ಆದರೆ ಡಿಸ್ಕ್ ಮತ್ತು ಪ್ಯಾಡ್ ಮೇಲೆ ಒಂದು ಹನಿಯೂ ಬೀಳಬಾರದು. ಬೆಳಿಗ್ಗೆ ಬೋಲ್ಟ್ ತೆಗೆದು, ಸೆನ್ಸರನ್ನು ಕಿತ್ತೆಳೆಯುವ ಬದಲು ಎಡಕ್ಕೆ ಬಲಕ್ಕೆ ಹೊರಳಿಸಿ. ಪ್ಲಾಸ್ಟಿಕ್ ಆದ್ದರಿಂದ ಅರ್ಧಕ್ಕೆ ಮುರಿಯುವುದು ಸಾಮಾನ್ಯ. ಹೊಸದು ಕೈಯಲ್ಲಿ ಇಟ್ಟುಕೊಂಡೇ ಈ ಕೆಲಸಕ್ಕೆ ಇಳಿಯಿರಿ. ಹೊಸದು ಕೂರಿಸುವ ಮುಂಚೆ ತೂತಿನೊಳಗಿನ ತುಕ್ಕು ಪೂರ್ತಿ ಉಜ್ಜಿ ತೆಗೆಯಿರಿ. ತುಕ್ಕಿನ ಪದರ ಸೆನ್ಸರನ್ನು ಮೇಲಕ್ಕೆ ಎತ್ತಿ ಹಿಡಿದರೆ ಸಂದು ಜಾಸ್ತಿಯಾಗಿ ಅದೇ ಹಳೇ ಕತೆ.

‘ಮಾಡ್ಯೂಲ್ ಹೋಗಿದೆ’ ಎಂದಿದ್ದಾರೆ. ನಂಬಬಹುದಾ?

ಹೋಗುವುದೇ ಇಲ್ಲ ಎಂದಲ್ಲ. ಎಂಜಿನ್ ಬಿಸಿಯ ಪಕ್ಕದಲ್ಲೇ ವರ್ಷಗಟ್ಟಲೆ ಕೂತು ಒಳಗಿನ ಬೆಸುಗೆ ಬಿರುಕು ಬಿಡುವುದುಂಟು. ಆದರೆ ‘ಯಾವ ಅಳತೆ ನೋಡಿ ಹೇಳಿದಿರಿ’ ಎಂದು ಕೇಳಿ. ಪಂಪ್ ಮೋಟರ್ ಅಥವಾ ವಾಲ್ವ್ ಕೋಡ್ ಬಂದಿದ್ದರೆ, ನಾಲ್ಕೂ ಚಕ್ರದ ಕೋಡ್ ಒಟ್ಟಿಗೆ ಬಂದಿದ್ದರೆ, ಮಾಡ್ಯೂಲ್ ಜೊತೆ ಮಾತೇ ಕಡಿದುಹೋಗುತ್ತಿದ್ದರೆ ಅನುಮಾನಕ್ಕೆ ಅರ್ಥವಿದೆ. ಆಗಲೂ ಮೊದಲು ನೋಡಬೇಕಾದದ್ದು ಅದರ ಫ್ಯೂಸ್, ಕನೆಕ್ಟರ್ ಮತ್ತು ಅರ್ತ್ ವೈರ್. ಬಾಡಿಗೆ ಬಿಗಿದ ಅರ್ತ್ ಬೋಲ್ಟಿನ ಕೆಳಗೆ ತುಕ್ಕಿದ್ದರೆ ಪಂಪ್ ತಿರುಗುವ ಕ್ಷಣಕ್ಕೆ ವೋಲ್ಟೇಜ್ ಬಿದ್ದು ಮಾಡ್ಯೂಲ್ ತಲೆ ತಿರುಗಿ ಕೂರುತ್ತದೆ. ಒಂದೇ ಒಂದು ಚಕ್ರದ ಕೋಡ್ ಇಟ್ಟುಕೊಂಡು ಮಾಡ್ಯೂಲಿಗೆ ಕೈ ಹಾಕುವವರಿಗೆ ನಮಸ್ಕಾರ ಹೇಳಿ ಗಾಡಿ ತಿರುಗಿಸಿ. ನಾನು ತಿರುಗಿಸಿದ್ದು ಹಾಗೇ.

ನಿಜವಾಗಿಯೂ ಬದಲಾಯಿಸುವುದಾದರೆ ಹೊಸದಕ್ಕೆ ಗಾಡಿಯ ಕೋಡಿಂಗ್ ಮಾಡಬೇಕಾಗಬಹುದು. ಬ್ರೇಕ್ ಪೈಪ್ ಬಿಚ್ಚಿದ್ದರಿಂದ ಗಾಳಿ ತೆಗೆಯಬೇಕು, ಎಷ್ಟೋ ಗಾಡಿಗಳಲ್ಲಿ ಅದಕ್ಕೆ ಸ್ಕ್ಯಾನರಿನಿಂದ ಪಂಪ್ ಓಡಿಸಬೇಕು. ಸೈಕಲ್ ಅಂಗಡಿಯ ಕೆಲಸ ಅಲ್ಲ.

ಬ್ಯಾಟರಿಗೂ ಎಬಿಎಸ್‌ಗೂ ಏನು ಸಂಬಂಧ?

ಸ್ಟಾರ್ಟರ್ ಎಳೆಯುವಾಗ ಸೋತ ಬ್ಯಾಟರಿಯ ವೋಲ್ಟೇಜ್ 9ರ ಆಸುಪಾಸಿಗೆ ಬೀಳಬಹುದು. ಆ ಹೊತ್ತಿಗೆ ಮಾಡ್ಯೂಲ್ ಹೆದರಿ ಲೈಟು ಹಾಕಿಕೊಳ್ಳುತ್ತದೆ. ಬ್ಯಾಟರಿ ನಾಲ್ಕು ವರ್ಷ ದಾಟಿದ್ದರೆ ಮೊದಲು ಅದನ್ನೇ ಟೆಸ್ಟ್ ಮಾಡಿಸಿ.

ಎಬಿಎಸ್ ಜೊತೆ ಇನ್ನೂ ಎರಡು ಮೂರು ಲೈಟು ಬರುತ್ತವೆ. ಸ್ಪೀಡೋಮೀಟರ್ ಮುಳ್ಳೂ ಬೀಳುತ್ತದೆ.

ಬೇರೆ ಬೇರೆ ಕಾಯಿಲೆ ಇರಲಿಕ್ಕಿಲ್ಲ. ಟ್ರ್ಯಾಕ್ಷನ್ ಕಂಟ್ರೋಲ್ (ಚಕ್ರ ಸುಮ್ಮನೆ ತಿರುಗದಂತೆ ತಡೆಯುವುದು), ಇಎಸ್‌ಪಿ (ಗಾಡಿ ಅಡ್ಡ ಜಾರದಂತೆ ತಡೆಯುವುದು), ಹಿಲ್ ಹೋಲ್ಡ್ (ಏರಿನಲ್ಲಿ ಹಿಂದೆ ಸರಿಯದಂತೆ ಹಿಡಿಯುವುದು) ಎಲ್ಲವೂ ಅದೇ ನಾಲ್ಕು ಸೆನ್ಸರ್ ನಂಬಿಕೊಂಡಿವೆ. ಎಷ್ಟೋ ಗಾಡಿಗಳಲ್ಲಿ ಸ್ಪೀಡೋಮೀಟರೂ ಅಲ್ಲಿಂದಲೇ ವೇಗ ತಿಳಿಯುತ್ತದೆ. ಒಂದು ಸರಿಮಾಡಿದರೆ ಎಲ್ಲ ಆರುತ್ತವೆ.

ಸ್ಟೆಪ್ನಿ ಸಣ್ಣ ಅಳತೆಯದ್ದಾಗಿದ್ದರೂ ಒಂದು ಚಕ್ರ ಜಾಸ್ತಿ ತಿರುಗಿ ಮಾಡ್ಯೂಲಿಗೆ ಗೊಂದಲವಾಗಬಹುದು. ಪಂಕ್ಚರ್ ಆದ ದಿನವೇ ಲೈಟು ಬಂದಿದ್ದರೆ ಮೊದಲು ಮೂಲ ಟೈರ್ ಹಾಕಿ ನೋಡಿ.

ಫ್ಯೂಸ್ ತೆಗೆದು ಸುಮ್ನೆ ಓಡಿಸಿದರೆ?

ಫ್ಯೂಸ್ ತೆಗೆದರೆ ಲೈಟು ಆರುವುದಿಲ್ಲ, ಖಾಯಂ ಉರಿಯುತ್ತದೆ. ಒಮ್ಮೊಮ್ಮೆ ಕೆಲಸ ಮಾಡುತ್ತಿದ್ದದ್ದೂ ಹೋಗುತ್ತದೆ.

ಬೈಕಿನಲ್ಲಿ ಹೊರಡುವವರೆಗೂ ಎಬಿಎಸ್ ಲೈಟು ಉರಿಯುತ್ತಲೇ ಇರುತ್ತದೆ. ಮತ್ತೆ ಚೈನ್ ತೊಳೆದ ದಿನ ಆರಲೇ ಇಲ್ಲ.

ಮೊದಲನೆಯದು ಸರಿಯಾಗೇ ಇದೆ. ಬೈಕು ಸ್ವಲ್ಪ ಮುಂದೆ ಹೋಗಿ ಚಕ್ರದ ಸುದ್ದಿ ಬಂದ ಮೇಲೇ ಅದು ಆರುವುದು. ಚೈನ್ ತೊಳೆಯಲು ಸೆಂಟರ್ ಸ್ಟ್ಯಾಂಡ್ ಹಾಕಿ, ಗೇರಿಗೆ ಹಾಕಿ ಹಿಂದಿನ ಚಕ್ರ ತಿರುಗಿಸಿದಿರಿ ಅಲ್ವಾ? ಹಿಂದಿನದು ಓಡುತ್ತಿದೆ, ಮುಂದಿನದು ನಿಂತಿದೆ. ಮಾಡ್ಯೂಲಿಗೆ ಅದು ದೋಷವಾಗಿ ಕಾಣುತ್ತದೆ. ಕೀ ಆಫ್ ಮಾಡಿ, ಮತ್ತೆ ಆನ್ ಮಾಡಿ, ಒಂದು ಸುತ್ತು ಓಡ್ಸಿ. ಹೋಗುತ್ತದೆ. ಹೋಗದಿದ್ದರೆ ಸೆನ್ಸರಿನ ತುದಿಯ ಕೆಸರು ಒರೆಸಿ. ಮತ್ತೊಂದು ಮಾತು, ಎಂಜಿನ್ ಓಡುತ್ತಿರುವಾಗ ಚೈನಿನ ಹತ್ತಿರ ಬಟ್ಟೆ ಹಿಡಿಯಬೇಡಿ. ಬೆರಳು ಹೋಗುತ್ತದೆ.

ರಿಪೇರಿ ಆಯಿತು. ನಿಜವಾಗಿ ಸರಿಯಾಯಿತೆಂದು ಹೇಗೆ ಗೊತ್ತಾಗುತ್ತದೆ?

ಕೋಡ್ ಅಳಿಸಿ, ಖಾಲಿ ರಸ್ತೆಯಲ್ಲಿ ಓಡಿಸಿ. ಕೆಲವು ಗಾಡಿಗಳಲ್ಲಿ 20 ದಾಟಿ ಓಡಿದ ಮೇಲಷ್ಟೇ ಲೈಟು ಆರುತ್ತದೆ. ಆದರೆ ಲೈಟು ಆರಿತೆಂದು ಪೇಡ ಹಂಚಬೇಡಿ. ನಾನು ಮೊದಲ ಸಲ ಕನೆಕ್ಟರಿನ ಕಿಲುಬು ತೊಳೆದಾಗ ಒಂಬತ್ತು ದಿನ ಲೈಟು ಬರಲಿಲ್ಲ. ಗೆದ್ದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದೆ. ಹತ್ತನೇ ದಿನ ಮಂಡಗದ್ದೆ ಹತ್ತಿರ ಮತ್ತೆ ಹಾಜರು. ನಿಜ ಹೇಳಬೇಕೆಂದರೆ ಕಿಲುಬೂ ಇತ್ತು, ತುಂಡಾದ ವೈರೂ ಇತ್ತು.

ಯಾವ ಸಂದರ್ಭದಲ್ಲಿ ಲೈಟು ಬರುತ್ತಿತ್ತೋ ಅದನ್ನೇ ಬೇಕೆಂದು ಮಾಡಿ ನೋಡಿ. ನೀರಿಗೆ ಬರುತ್ತಿದ್ದರೆ ನೀರು ಹೊಡೆಯಿರಿ. ಬಿಸಿಗೆ ಬರುತ್ತಿದ್ದರೆ ಒಂದು ಗಂಟೆ ಓಡಿಸಿ. ಹೊಸ ಸೆನ್ಸರ್ ಹಾಕಿದ ಮೇಲೆ ನಾನು ಸ್ಟೀರಿಂಗ್ ಹಿಡಿದೆ, ನನ್ನ ಭಾವಮೈದುನ ಪಕ್ಕದಲ್ಲಿ ಸ್ಕ್ಯಾನರ್ ಹಿಡಿದು ಕೂತ. ಹಿಂದಿನ ವಾರ ಅದೇ ಹಂಪಿನ ಮೇಲೆ, ಅದೇ ಎಡ ತಿರುವಿನಲ್ಲಿ ಪರದೆಯ ಮೇಲೆ 22, 0, 21, 21 ಎಂದು ಕಂಡಿತ್ತು. ಈ ಸಲ ಅವನು ಜೋರಾಗಿ ಓದುತ್ತಾ ಹೋದ: 22, 21, 21, 21. ವಾಪಸು ತಿರುಗಿಸಿ ಅದೇ ಹಂಪನ್ನು ಇನ್ನೂ ಆರು ಸಲ ಹಾರಿಸಿದೆವು. ಪಕ್ಕದ ಅಂಗಡಿಯವರು ಹೊರಗೆ ಬಂದು ‘ಏನ್ ಸ್ವಾಮಿ, ಏನಾದ್ರೂ ಕಳ್ಕೊಂಡಿದೀರಾ?’ ಎಂದು ಕೇಳಿದರು.